ಬರಲಿಲ್ಲ

ವೇಲ್ಸಿನ ಮರ್ಥರ್ ಊರಲ್ಲಿ, ಸೂಪರ್‌ಮಾರ್ಕೆಟ್ಟಿನ ಹಿಂದೆ,
ಟ್ರಾಲಿಗಳ ಸಾಲಿಗೆ ಒತ್ತಿಕೊಂಡು
ನಮ್ಮ ವ್ಯಾನು ಮೂರು ವಾರ ನಿಂತಿತ್ತು.
ಆರೇ ನಿಮಿಷ, ಎದೆ ಪರೀಕ್ಷಿಸಿಕೊಳ್ಳಿ,
ಎಂದು ಬದಿಯಲ್ಲಿ ಬರೆದಿತ್ತು, ನಗುವ ಹೆಂಗಸಿನ ಚಿತ್ರದ ಕೆಳಗೆ.
ಅದರ ಕೆಳಗೆ ಐದು ಮೆಟ್ಟಿಲು.

ನಾನು ಒಳಗಿದ್ದೆ. ಯಂತ್ರ ನನ್ನದು.
ತಣ್ಣನೆಯ ಹಲಗೆಯನ್ನು ಅಂಗೈಯಿಂದ ಬೆಚ್ಚಗೆ ಮಾಡಿ
ಒಬ್ಬೊಬ್ಬರನ್ನೇ ಕರೆಯುವುದು: ಭುಜ ಸಡಿಲ ಬಿಡಿ,
ಉಸಿರು ಹಿಡಿಯಿರಿ.
ಬಿಡಿ.

ಹನ್ನೊಂದೂ ಇಪ್ಪತ್ತಕ್ಕೆ ಗ್ಲೆನಿಸ್ ಪ್ರಾಸರ್.
ಅರ್ಧ ಗಂಟೆ ಮೊದಲೇ ಬಂದಿದ್ದಳಂತೆ,
ಗಾಳಿಗೆ ಬೆನ್ನು ಮಾಡಿ, ಗಾಲಿಕುರ್ಚಿಗೆ ಬ್ರೇಕು ಹಾಕಿ,
ತೊಡೆಯ ಮೇಲೆ ಪತ್ರ, ಪತ್ರದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರು.
ಹುಟ್ಟಿದಾಗಿನಿಂದ ಅವಳ ನಾಲಿಗೆ
ಮಾತನ್ನು ನಿಧಾನ ಬಿಟ್ಟುಕೊಡುತ್ತದೆ.
ಮುಂಚೆಯೇ ಕೇಳೋಣವೆಂದು ಫೋನು ಮಾಡಿದ್ದಳು;
ಹಲೋ ಮುಗಿಯುವುದರೊಳಗೆ ಆಚೆಯವರು ಇಟ್ಟರು.
ಎರಡು ಸಲ.

ಬಾಗಿಲು ತೆರೆದು ನೋಡಿದೆ. ನೋಡಿದೆ, ಹೌದು.
ಲಿಫ್ಟ್ ಇಲ್ಲವಲ್ಲ, ಎಂದೆ.
ಎದ್ದು ನಿಲ್ಲಲು ಆಗುತ್ತದೆಯೇ, ಒಂದೇ ನಿಮಿಷ?
ಅವಳು ಏನೋ ಹೇಳತೊಡಗಿದಳು.
ಮುಂದಿನ ಸರದಿಯವಳು ಚೀಲ ಎತ್ತಿಕೊಂಡು
ಕುರ್ಚಿಯನ್ನು ಬಳಸಿ ಮೇಲೆ ಬಂದಳು.
ಬಾಗಿಲು ಮುಚ್ಚಿತು.
ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಅದು.
ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿಲ್ಲ!

ಪರದೆಯ ಮೇಲೆ ಎರಡೇ ಚೌಕ:
ಬಂದರು. ಬರಲಿಲ್ಲ.
ಬಂದರು, ನಾವು ಇಳಿಯಲಿಲ್ಲ
ಎನ್ನುವುದಕ್ಕೆ ಚೌಕವಿಲ್ಲ.
ಎರಡನೆಯದನ್ನು ಒತ್ತಿ ಚಹಾ ಕುಡಿದೆ.

ಎರಡು ವರ್ಷ. ಈಗ ನಾನು ಆಸ್ಪತ್ರೆಯಲ್ಲಿ, ನೆಲಮಟ್ಟದಲ್ಲಿ.
ಗಂಟು ಅಷ್ಟರಲ್ಲಿ ಕಂಕುಳಿಗೆ ದಾರಿ ಮಾಡಿಕೊಂಡಿತ್ತು.
ಇವರಿಗೆ ನೋವಿದೆಯೇ, ಎಂದು ಡಾಕ್ಟರು
ಅವಳ ತಂಗಿಯ ಮಗನನ್ನು ಕೇಳಿದರು.
ಇವರು ಯಾಕೆ ತಪಾಸಣೆಗೆ ಬರಲಿಲ್ಲ?
ಅವಳನ್ನೇ ಕೇಳಿ, ಎಂದ ಇದ್ರಿಸ್, ಗೋಡೆ ನೋಡುತ್ತ.

ಅಕ್ಷರದ ಹಲಗೆ ಮುಂದಿತ್ತು. ಅವಳ ಬೆರಳು ಹೊರಟಿತು,
ತಪ್ಪಿತು, ಹಿಂದೆ ಬಂತು, ಮತ್ತೆ ಹೊರಟಿತು.
ಬಂ.
ದಿ.
ದ್ದೆ.

ನಿನ್ನೆ ಹೋಗಿ ಕೇಳಿದೆ, ಆ ಚೌಕ ಬದಲಿಸಬಹುದೇ ಎಂದು.
ಹಳೆಯ ದಾಖಲೆ, ಬೀಗ ಬಿದ್ದಿದೆ, ಎಂದರು.
ಹುಡುಗಿ ಒಳ್ಳೆಯವಳು; ಕ್ಷಮೆಯನ್ನೂ ಕೇಳಿದಳು, ನನ್ನನ್ನು.

ಸಂಜೆ ವಾರ್ಡಿಗೆ ಹೋದೆ. ನಾನೇ ಆ ಬಾಗಿಲಲ್ಲಿದ್ದವಳು, ಎಂದೆ.
ಗೊತ್ತು, ಎಂಬಂತೆ ರೆಪ್ಪೆ ಮುಚ್ಚಿ ತೆರೆದಳು.
ಆ ದಿನ ಏನೋ ಹೇಳಲು ಹೊರಟಿದ್ದಿರಿ,
ಏನದು?

ಬೆರಳು ಬಹಳ ಹೊತ್ತು ಹಲಗೆಯ ಮೇಲೆ ಅಲೆಯಿತು.
ನಾನು ಊಹಿಸಿ ಪದ ಮುಗಿಸಲಿಲ್ಲ, ಕಲಿಯುತ್ತಿದ್ದೇನೆ.
ಕೊನೆಗೆ ಬಂದದ್ದು ಉತ್ತರವಲ್ಲ:
ಹೊ. ತ್ತಿ. ದೆ. ಯೇ?

ಸ್ಟೂಲು ಎಳೆದುಕೊಂಡು ಕೂತೆ.