ಯಗಚಿ ಎಂಬ ಸರ್ವರ್

ಲಾಗಿನ್ ಆಗಲು ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಸಲ ಅಳೆದೆ.
ಹೊರಗೆ ಕೋಲ್ಡ್ ಸ್ಟೋರೇಜಿನ ಗೇಟು ದಾಟಿ
ಬಿತ್ತನೆ ಆಲೂಗೆಡ್ಡೆಯ ಟೋಕನ್ನಿಗೆ ನಿಂತವರ ಸಾಲು
ಆಗಲೇ ಹೊಳೆನರಸೀಪುರ ರಸ್ತೆಯ ಡಾಂಬರು ಮುಟ್ಟಿತ್ತು.
ಹಾಸನದ ಮೇ ತಿಂಗಳು, ಒಂಬತ್ತು ಗಂಟೆ.
ಒಳಗೆ ಹದಿನೇಳು ಲ್ಯಾಪ್‌ಟಾಪುಗಳ ಮೇಲೆ
ಬಿಳಿ ಚುಕ್ಕೆಯ ಬಳೆ ತಿರುಗುತ್ತಿತ್ತು, ತಿರುಗುತ್ತಿತ್ತು,
ಸ್ವಾಗತ ಎಂದು ಬರೆದ ಬಾಗಿಲಲ್ಲೇ
ಎಲ್ಲರನ್ನೂ ನಿಲ್ಲಿಸಿಕೊಂಡು.

ಒಬ್ಬೊಬ್ಬರದು ಒಂದೊಂದು ಕಾರಣ.
"ಆ್ಯಂಟಿವೈರಸ್ಸು" ಅಂದರು ಮ್ಯಾನೇಜರ್ ಧರಣೇಂದ್ರಯ್ಯ.
"ಗೋಡೆಯಾಚೆ ಮೂರೇ ಡಿಗ್ರಿ, ಶೀತ ಹಿಡಿದದೆ ಮೇಡಂ ಮಿಷಿನ್ನಿಗೆ"
ಅಂದ ಲೋಡಿಂಗಿನ ಜವರಪ್ಪ, ಬೀಡಿ ಕಿವಿಗೇರಿಸಿ.
ಹೋದ ವರ್ಷ ಬಂದ ಹುಡುಗ ರ‍್ಯಾಮ್ ಹಾಕಿಸಿದ್ದನಂತೆ;
ದುಡ್ಡು ಹೋಯಿತು, ನಾಲ್ಕು ನಿಮಿಷ ಹೋಗಲಿಲ್ಲ.

ನಾನು ಕೇಬಲ್ಲು ಕಿತ್ತೆ.
ವೈಫೈ ಆರಿಸಿದೆ.
ಹನ್ನೆರಡು ಸೆಕೆಂಡು.
ಒಂಟಿಯಾಗಿ ಬಿಟ್ಟರೆ ಓಡುವ ಕುದುರೆಗೆ
ಮನೆಮಂದಿಯ ಜೊತೆ ಸೇರಿಸಿದರೆ ಕಾಲೇ ಬಾರದು.

ಮೊದಲು ಸಿಕ್ಕಿದ್ದು ಡಿಎನ್‌ಎಸ್.
ಒಳಮನೆಯ ದಾರಿಯನ್ನು ಇವು
ಊರಾಚೆಯ ಯಾರನ್ನೋ ಕೇಳುತ್ತಿದ್ದವು;
ಅವನಿಗೇನು ಗೊತ್ತು, ನಮ್ಮ ಅಡುಗೆಮನೆ ಎಲ್ಲಿ ಅಂತ.
ತಿದ್ದಿದೆ. ಒಂದು ನಿಮಿಷ ಇಳಿಯಿತು.
ಟೀ ಬಂತು, ಆರಿತು, ಕೆನೆ ಕಟ್ಟಿತು.

ಆಮೇಲೆ ಸ್ಕ್ರಿಪ್ಟು ತೆರೆದೆ:
ಲಾಗಿನ್ ಆದವರಿಗೆಲ್ಲ ಕಡತದ ಕಪಾಟು ತೋರಿಸುವ
ಇಪ್ಪತ್ತೆರಡು ಸಾಲು. ಒಂಬತ್ತನೆಯದು
ವೈ ಡ್ರೈವಿಗೆ ಯಗಚಿಯನ್ನು ಜೋಡಿಸು ಅನ್ನುತ್ತದೆ.

ಇಲ್ಲಿ ಸರ್ವರುಗಳಿಗೆ ಹೊಳೆಗಳ ಹೆಸರು.
ಈಗಿನದು ಹೇಮಾವತಿ. ಹಳೆಯದು ಯಗಚಿ,
ಎರಡು ವರ್ಷದ ಹಿಂದೆ ಸಿಡಿಲಿಗೆ ಸುಟ್ಟು
ಗುಜರಿಯವನ ತಕ್ಕಡಿಯಲ್ಲಿ ಹದಿನಾಲ್ಕು ಕೆಜಿ ತೂಗಿತ್ತು.
ಯಾರೂ ಲ್ಯಾಪ್‌ಟಾಪುಗಳಿಗೆ ಹೇಳಿರಲಿಲ್ಲ.
ಅವು ದಿನಾ ಬೆಳಗ್ಗೆ ಕೊಡ ಹೊತ್ತು
ಬತ್ತಿದ ಹೊಳೆಯ ದಡಕ್ಕೆ ಹೋಗಿ
ಇದ್ದೀಯಾ ಎಂದು ಕೂಗಿ,
ಇಲ್ಲ ಅನ್ನುವವರೂ ಇಲ್ಲದೆ
ಕಾದು,
ಮತ್ತೊಮ್ಮೆ ಕೂಗಿ, ಕಾದು,
ಬರಿಗೊಡದಲ್ಲಿ ವಾಪಸ್ಸು ಬರುತ್ತಿದ್ದವು.
ಇಲ್ಲ ಎಂದು ಯಾರಾದರೂ ಅಂದಿದ್ದರೆ
ಅರೆಕ್ಷಣದಲ್ಲಿ ತಿರುಗುತ್ತಿದ್ದವು.
ಉತ್ತರವೇ ಬಾರದ ಕಡೆಗೆ
ಮೂರು ನಿಮಿಷದ ಮರ್ಯಾದೆ.

ಸಾಲಿನ ನೆತ್ತಿಯ ಮೇಲೊಂದು ಟಿಪ್ಪಣಿ:
"ಇದನ್ನ ಮುಟ್ಟಬೇಡಿ. ಲೆಕ್ಕ ಎಲ್ಲಾ ಇಲ್ಲೇ ಇದೆ. ವಾಮದೇವ."
ನಂಬರು ಹುಡುಕಿ ಫೋನು ಮಾಡಿದೆ.
ಅರಕಲಗೂಡಿನಲ್ಲಿ ಈಗ ಡ್ರಿಪ್ ಪೈಪು ಮಾರುತ್ತಾನಂತೆ.
"ಅಯ್ಯೋ, ಅದಿನ್ನೂ ಓಡ್ತಾ ಇದೆಯಾ?"
ಹಳೇ ನೆಂಟರ ಕ್ಷೇಮ ಕೇಳಿದವನಂತೆ ನಕ್ಕ.
ಹಿಂದೆ ಯಾರೋ ಪೈಪು ಕೊಯ್ಯುವ ಸದ್ದು.

ಗೊರೂರಿನ ಬಳಿ ಯಗಚಿ ಹೇಮಾವತಿಗೆ ಸೇರುವುದು
ಈ ಕಡೆಯವರಿಗೆಲ್ಲ ಗೊತ್ತು.
ನಾನೂ ಅಷ್ಟೇ ಮಾಡಿದೆ, ಒಂದು ಹೆಸರು ಅಳಿಸಿ.
ಹತ್ತೊಂಬತ್ತು ಸೆಕೆಂಡು.

ಟೋಕನ್ ಕೌಂಟರಿನ ಪದ್ಮಲತಾ
ಆ ನಾಲ್ಕು ನಿಮಿಷದಲ್ಲೇ ತಿಂಡಿ ತಿನ್ನುವವಳು.
ಡಬ್ಬಿ ತೆರೆದು ಇಡ್ಲಿ ಮುರಿದಿದ್ದಳಷ್ಟೆ.
"ಇಷ್ಟ್ ಬೇಗ್ಲಾ?" ಅಂದಳು ನನ್ನನ್ನು ನೋಡಿ.
ಕಿಟಕಿಯೊಳಗೆ ಆಗಲೇ ಮೂರು ಪಹಣಿ, ಒಂದು ಮೊಣಕೈ.
ಮುಚ್ಚಳ ಮುಚ್ಚಿ, ಕೈ ಸೀರೆಗೊರೆಸಿ ಕುಳಿತಳು.
ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ರುಕ್ಸಾನಾ ಸಿಸ್ಟಮ್ಸ್, ಬಿಲ್ಲು, ಒಂಬೈನೂರು.
"ಏನು ಹಾಕಿದಿರಿ ಹೊಸದಾಗಿ?" ಧರಣೇಂದ್ರಯ್ಯ.
ಏನೂ ಹಾಕಿಲ್ಲ ಸರ್. ತೆಗೆದೆ.
"ತೆಗೆಯೋದಕ್ಕೆ ಒಂಬೈನೂರಾ?"
ಎಂಟುನೂರು ಎಣಿಸಿದರು, ಎರಡು ಸಲ.

ಸ್ಕೂಟಿ ಹತ್ತುವಾಗ ನೆನಪಾಯಿತು:
ಸಾಲು ಅಳಿಸಿದೆ, ಅದರ ಮೇಲಿನ ಟಿಪ್ಪಣಿ ಅಳಿಸಲಿಲ್ಲ.
ವಾಪಸ್ಸು ಹೋಗಬಹುದಿತ್ತು.
ಇದನ್ನ ಮುಟ್ಟಬೇಡಿ ಅನ್ನುತ್ತಾ ಇರಲಿ ಬಿಡು,
ಏನೂ ಇಲ್ಲದ ಜಾಗದ ಮೇಲೆ.