ಬಲಗಡೆ, ಏಳು ಮಿಲಿಮೀಟರು

ವಾಕೋಲಾದ ಈ ಕತ್ತಲೆ ಕೋಣೆಗೆ ಚೀಟಿ ಹಿಡಿದು ಬಂದವಳು
ವಾರಿಜಾ ಪುತ್ರನ್. ಐವತ್ತೆರಡು. ಬ್ಲೌಸು ಹೊಲಿಯುವವಳು.
‘ಉಣ್ಣಲು ಕೂತರೆ ದವಡೆಯಡಿ ಲಿಂಬೆಯಷ್ಟು ಊದುತ್ತದೆ,
ಕೈತೊಳೆದ ಮೇಲೆ ತಾನಾಗಿ ಇಳಿಯುತ್ತದೆ.’
ಮರಾಠಿಯಲ್ಲಿ ಶುರುವಾದ ಮಾತು
ಬಾಗಿಲಿನ ಮೇಲಿನ ನನ್ನ ಹೆಸರು ನೆನಪಾಗಿ
ಅರ್ಧಕ್ಕೇ ಕನ್ನಡಕ್ಕೆ ಹೊರಳಿತು.

ಜೆಲ್ಲು ತಣ್ಣಗಿರುತ್ತದೆ, ಅಂದೆ.
ಕತ್ತೆತ್ತಿ ಮಲಗಿದಳು, ಅಳತೆ ಕೊಡುವವರ ಹಾಗೆ.

ಕೆಳಗಿನ ಚಹಾದಂಗಡಿಯ ಹುಡುಗ ತಂದ ಲಿಂಬೆ ಹೋಳನ್ನು
ಅವಳ ನಾಲಿಗೆಗಿಟ್ಟು ಕಾದೆ.
ತೆರೆಯ ಮೇಲೆ ನಾಳ ಹಿಗ್ಗಿತು,
ಕಪ್ಪು ನೂಲಿನೆಳೆ ಹಗ್ಗವಾಯಿತು,
ತುದಿಗೆ ಬೆಳ್ಳಗೊಂದು ಕೊಂಕು,
ಅದರ ಹಿಂದೆ ನೆಟ್ಟಗೆ ಬಿದ್ದ ನೆರಳು.
ಕಲ್ಲು ನಮಗೆ ಸಿಗುವುದೇ ಹೀಗೆ,
ಅದು ಅಡ್ಡಗಟ್ಟಿದ ಸದ್ದಿನಿಂದ,
ಅದರಾಚೆಗಿನ ಏನೂ ಕಾಣದ ಜಾಗದಿಂದ.
ಏಳು ಮಿಲಿಮೀಟರು. ಗೆರೆಯೆಳೆದು ಬರೆದೆ.

ಅಲ್ಲಿಗೆ ಮುಗಿಯಬೇಕಿತ್ತು.
ಹೊರಗೆ ಇನ್ನೂ ಹನ್ನೊಂದು ಜನ,
ಇಳಿಯುವ ವಿಮಾನಕ್ಕೆ ಕಿಟಕಿಯ ಗಾಜು ಗುಂಯ್ಗುಟ್ಟುತ್ತಿತ್ತು.
ರೂಢಿಗೆಂದು ಎಡಗಡೆಗೂ ಒಂದು ಸಲ ಆಡಿಸಿದೆ.

ಕಲ್ಲಿಲ್ಲ.
ನೀರೂ ಇಲ್ಲ. ಲಿಂಬೆ ಇನ್ನೂ ಬಾಯಲ್ಲಿದೆ, ನಾಳ ಅಲುಗಲಿಲ್ಲ.
ಗ್ರಂಥಿಯ ತುಂಬ ಸಣ್ಣ ಸಣ್ಣ ಕಪ್ಪು ತೂತು,
ನುಸಿ ತಿಂದ ಕಂಬಳಿ.
ಕಿವಿಯ ಮುಂದೆ ನೋಡಿದರೆ ಅಲ್ಲೂ ಅದೇ.
ಮರಳಿ ಬಲಕ್ಕೆ ಬಂದೆ:
ಕಲ್ಲು ಸಿಕ್ಕ ಖುಷಿಯಲ್ಲಿ ದಾಟಿಹೋಗಿದ್ದೆ,
ಅಲ್ಲೂ ಇದ್ದವು ತೂತುಗಳು, ಸ್ವಲ್ಪ ಕಡಿಮೆ.

‘ಬಾಯಿ ಒಣಗುತ್ತದಾ?’
‘ಮೊದಲೆಲ್ಲ ದಾರದ ತುದಿ ನಾಲಿಗೆಗೆ ತಾಗಿಸಿದರೆ ಸಾಕು,
ಸೂಜಿಯೊಳಗೆ ಹೋಗುತ್ತಿತ್ತು.
ಈಗ ಮೆಷಿನಿನ ಪಕ್ಕ ಬಟ್ಟಲಲ್ಲಿ ನೀರಿಟ್ಟುಕೊಳ್ಳುತ್ತೇನೆ.’
‘ಕಣ್ಣು?’
ಕತ್ತಿನ ಜೆಲ್ಲು ಒರೆಸುತ್ತ ಸುಮಾರು ಹೊತ್ತು ಸುಮ್ಮನಿದ್ದಳು.
‘ನಮ್ಮ ಇವರು ತೀರಿಕೊಂಡ ದಿನ ಒಂದು ಹನಿ ಬರಲಿಲ್ಲ.
ಕಲ್ಲು ಹೆಂಗಸು ಅಂದರು ನಾದಿನಿಯರು.
ನಾನೂ ಹೌದೇನೋ ಅಂದುಕೊಂಡೆ.’

ವರದಿಯಲ್ಲಿ ಇದನ್ನು ಬರೆಯುವ ಕಾಲಮ್ಮಿಲ್ಲ.
ನಾಳದಲ್ಲಿ ಕಲ್ಲು, ಒಂದು. ಗ್ರಂಥಿಗಳು ಒಣಗುವ ಕಾಯಿಲೆಯ ಶಂಕೆ.
ರಕ್ತ ನೋಡಿಸಬೇಕು,
ತುಟಿಯೊಳಗಿನ ಚೂರು ತೆಗೆದು ನೋಡಬೇಕಾದೀತು,
ಕಣ್ಣಂಚಿಗೆ ಕಾಗದದ ಪಟ್ಟಿ ಸಿಕ್ಕಿಸಿ
ಎಷ್ಟು ನೆನೆಯುತ್ತದೆಂದು ಐದು ನಿಮಿಷ ಎಣಿಸಬೇಕು.
ಕೆಳಗೆ ಸಹಿ.

ಬಾಗಿಲವರೆಗೆ ಹೋದವಳು ತಿರುಗಿ ನಿಂತು
ದವಡೆ ಮುಟ್ಟಿ ತೋರಿಸಿದಳು:
‘ಕಲ್ಲು ಇರುವುದು ಇಲ್ಲಿ ಮಾತ್ರ ಅಲ್ವಾ, ಡಾಕ್ಟ್ರೇ?’

ಅಲ್ಲಿ ಮಾತ್ರ, ಅಂದೆ.
ಏಳು ಮಿಲಿಮೀಟರು.