ಖಾಲಿ ಚೀಲದ ತೂಕ

ಸಿದ್ದಾಪುರದಿಂದ ಒಳಗೆ, ನೆಲ್ಯಹುದಿಕೇರಿ ಕಡೆಯ ತೋಟದಲ್ಲಿ
ನನ್ನನ್ನು ರೈಟರ್ ಎನ್ನುತ್ತಾರೆ.
ಬರೆಯುವುದು ಇಷ್ಟೇ: ಹೆಸರು, ಚೀಲ, ಕಿಲೋ.
ಇಪ್ಪತ್ತಾರು ವರ್ಷ.

ಮೊದಲು ಮುಕ್ಕಾಲಿಗೆ ತೂಗುಹಾಕಿದ ಸ್ಪ್ರಿಂಗ್ ತಕ್ಕಡಿ.
ಮುಳ್ಳು ಐವತ್ತೆರಡಕ್ಕೆ ನಿಂತರೆ
'ಐವತ್ತು' ಎಂದು ಕೂಗುತ್ತಿದ್ದೆ.
ಎರಡು ಕಿಲೋ ಚೀಲದ ಲೆಕ್ಕ.
ಗೋಣಿ ಎಷ್ಟು ತೂಗುತ್ತದೆಂದು ಯಾರೂ ತೂಗಿರಲಿಲ್ಲ.
ನನ್ನ ಹಿಂದಿನ ರೈಟರ್ ಹಾಗೆ ಕಲಿಸಿದ,
ಅವನಿಗೆ ಅವನ ಹಿಂದಿನವನು.
ಒಂದು ಮಾತ್ರ ಇತ್ತು: ಕೂಗುವಾಗ
ಎದುರಿಗಿದ್ದವರ ಮುಖ ಬಿಟ್ಟು
ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡುತ್ತಿದ್ದೆ.
ಅಷ್ಟರಮಟ್ಟಿಗೆ ನಾಚಿಕೆ ಇತ್ತು.

ಈ ಸಲ ಹುತ್ತರಿ ಕಳೆದ ವಾರ
ಮೈಸೂರಿನ ಹುಡುಗನೊಬ್ಬ ಹೊಸ ಕಾಟಾ ತಂದ.
"ಚೀಲಕ್ಕೆ ಎಷ್ಟು ಕಳೀಲಿ ಸಾರ್?"
ಫೋನಿನ ಮೇಲೆ ಅವನ ಹೆಬ್ಬೆರಳು ಕಾಯುತ್ತಿತ್ತು.
"ಎರಡು" ಅಂದೆ.
ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.
ಹೊತ್ತಿತ್ತು. ಅವನು ಎರಡು ಸಲ ಕೇಳಿದ.

ಅಲ್ಲಿಂದ ಮುಂದೆ ನಾನು ಏನನ್ನೂ ಕಳೆಯಲಿಲ್ಲ.
ಕೆಂಪು ಅಂಕಿ ಬೀಳುತ್ತದೆ, ಯಂತ್ರವೇ ಹೇಳುತ್ತದೆ
ಕನ್ನಡದಲ್ಲಿ, ಹೆಣ್ಣುದನಿಯಲ್ಲಿ, ಬಹಳ ಮರ್ಯಾದೆಯಿಂದ.
ದುಡ್ಡು ಸಂಜೆಯೊಳಗೆ ಬ್ಯಾಂಕಿಗೆ.
ಅಸ್ಸಾಮಿನ ಹುಡುಗರು ಲೈನಿನ ಜಗಲಿಯಲ್ಲಿ ಕೂತು
ಒಬ್ಬರಿಗೊಬ್ಬರು ಮೆಸೇಜು ತೋರಿಸಿಕೊಳ್ಳುತ್ತಾರೆ.
"ಇನ್ನು ಮೋಸದ ಮಾತೇ ಇಲ್ಲ ನೋಡಿ" ಎಂದರು
ಸಾಹುಕಾರರ ಅಳಿಯ.
ತಲೆಯಾಡಿಸಿದೆ.
ಬಳ್ಳಿ ನೋಡುವ ಕೆಲಸವೂ ತಪ್ಪಿತ್ತು.

ಮೊನ್ನೆ ಗುರುವಾರ ಆನೆ ದಾಟಿ
ಕೆಳಗಿನ ಬ್ಲಾಕಿನ ಕೊಯ್ಲು ಅರ್ಧಕ್ಕೇ ನಿಂತು
ಎಲ್ಲರೂ ಕಾಟಾದ ಸುತ್ತ ಸುಮ್ಮನೆ ನಿಂತಿದ್ದಾಗ
ಎರವರ ಬೊಳ್ಳಿ ತನ್ನ ಖಾಲಿ ಗೋಣಿ ಮಡಚಿ
ಎಲ್ಲಿಡಲೆಂದು ತಿಳಿಯದವಳಂತೆ
ಕಾಟಾದ ಮೇಲಿಟ್ಟಳು.

'ಮೈನಸ್ ಒಂದು ಪಾಯಿಂಟ್ ನಾಲ್ಕು'
ಅಂತು ಹೆಣ್ಣುದನಿ, ಅದೇ ಮರ್ಯಾದೆಯಿಂದ.

ಬೊಳ್ಳಿಗೆ ಮೈನಸ್ ಗೊತ್ತಿಲ್ಲ.
ರಫೀಕುಲ್ ಹೇಳಿಕೊಟ್ಟ, ಮುರುಕು ಕನ್ನಡದಲ್ಲಿ:
"ಅಕ್ಕಾ, ಅಂದ್ರೆ ನೀನೇ ಕೊಡಬೇಕು."
"ಖಾಲಿ ಚೀಲಕ್ಕೂ ಸಾಲವಾ ರೈಟರೇ?"
ಎಲ್ಲರೂ ನಕ್ಕರು.
ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹಳೆಯ ಪುಸ್ತಕವಾಗಿದ್ದರೆ
ಗೆದ್ದಲಿಗೆ ಬಿಟ್ಟು ಮಲಗಬಹುದಿತ್ತು.
ಇದು ಒಂದು ಚೀಲವನ್ನೂ ಮರೆತಿಲ್ಲ.
ಹೆಸರು ಒತ್ತಿದರೆ ದಿನ, ಗಂಟೆ, ನಿಮಿಷ.
ಐವತ್ತೊಂದು ದಿನಕ್ಕೆ ನಾಲ್ಕು ಸಾವಿರದ ಎಂಬತ್ತು ಚೀಲ;
ಐದು ಸಾವಿರದ ಏಳುನೂರ ಹನ್ನೆರಡು ಕಿಲೋ ಹಣ್ಣು,
ಲೆಕ್ಕದಲ್ಲಿ ಯಾರೂ ಕೊಯ್ಯದ್ದು.
ಅದರ ಹಿಂದಿನ ಇಪ್ಪತ್ತೈದು ಕೊಯ್ಲಿಗೆ
ಯಂತ್ರ ಇರಲಿಲ್ಲ.
ನಾನಿದ್ದೆ.

ಗಂಜಿ ಬಡಿಸುತ್ತಾ ಹೆಂಡತಿ ಒಂದೇ ಕೇಳಿದಳು:
"ಪಾಸ್‌ವರ್ಡ್ ನಿಮಗೆ ಗೊತ್ತುಂಟಾ?"
ಗೊತ್ತಿತ್ತು.
ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಎಲ್ಲರ ಎದುರು
ಎರಡನ್ನು ಅಳಿಸಿ ಪಾಯಿಂಟ್ ಆರು ಒತ್ತಿದೆ.
ಬೊಳ್ಳಿಯ ಗೋಣಿ ಇಸಿದುಕೊಂಡು ಇಟ್ಟೆ. ಸೊನ್ನೆ.
ಯಾರೂ ಏನೂ ಅನ್ನಲಿಲ್ಲ.
ಒಬ್ಬಳು ಕವಳ ಉಗುಳಿ ಬುಟ್ಟಿ ಎತ್ತಿಕೊಂಡಳು.

ಇವತ್ತು ವಿಪರೀತ ಇಬ್ಬನಿ.
ಗಿಡದಿಂದ ಗಿಡಕ್ಕೆ ಸರಿದರೆ ತೋಳೆಲ್ಲ ನೀರು.
ಮೊದಲ ಚೀಲ ಎತ್ತಿ ಇಡುವಾಗ ಬೊಳ್ಳಿ ತಡೆದಳು.
ಗೋಣಿಯ ಮೂಲೆ ಹಿಂಡಿ ತೋರಿಸಿದಳು.
"ನೆಂದಿದೆ ರೈಟರೇ. ಇವತ್ತಿಗೆ ಪಾಯಿಂಟ್ ಒಂಬತ್ತು ಹಿಡಿಯಿರಿ."
"ಛೇ, ಅಕ್ಕಾ!" ಎಂದ ರಫೀಕುಲ್.
ಅವಳು ಅವನ ಕಡೆ ನೋಡಲಿಲ್ಲ,
ಬಳ್ಳಿಯನ್ನೂ ನೋಡಲಿಲ್ಲ.
ನನ್ನನ್ನೇ ನೋಡುತ್ತಿದ್ದಳು.

ಒಂಬತ್ತು ಒತ್ತಿದೆ.

ನಲವತ್ತು ಹೆಸರಿನ ಪಟ್ಟಿ
ಶರ್ಟಿನ ಜೇಬಿನಲ್ಲಿ ಬೆವರಿಗೆ ಮೆತ್ತಗಾಗಿದೆ.
ಬಂಗಲೆಯ ಗೇಟಿನ ತನಕ ಎರಡು ಸಲ ಹೋಗಿ ಬಂದೆ.
ನಾಯಿಗಳಿಗೆ ನನ್ನ ಗುರುತಿದೆ,
ಬೊಗಳುವುದೂ ಇಲ್ಲ.